ಸಾಯಂಕಾಲವೇ ಮುಗಿದುಹೋಗೋ ನಡುರಾತ್ರಿ

ಹೋದ ಸಂಚಿಕೇಲಿ ಬೇರೇನೋ ಪ್ರಶ್ನೆಗೆ ಉತ್ತರ ಬರೀತಾ, ಅಮೆರಿಕದ ಲೇಟ್ ನೈಟ್ ಟಾಕ್ ಶೋಗಳು ರಾತ್ರಿ ಶೂಟ್ ಆಗೋದೇ ಇಲ್ಲ ಬಿಡಿ ಅಂತ ಒಂದು ಸಾಲು ಸೇರಿಸಿಬಿಟ್ಟಿದ್ದೆ. ನಾನು ಅದನ್ನ ಮರೆತೂ ಬಿಟ್ಟೆ, ಆದ್ರೆ ನೀವ್ಯಾರೂ ಮರೆತಿಲ್ಲ ಅಂತ ಬಂದ ಪತ್ರಗಳ ಕಟ್ಟು ನೋಡಿದ ಮೇಲೆ ಗೊತ್ತಾಯ್ತು. ಒಬ್ರಂತೂ "ಇಷ್ಟು ವರ್ಷ ನಂಬಿಕೊಂಡು ಬಂದಿದ್ದನ್ನ ಒಂದೇ ಸಾಲಲ್ಲಿ ಕೆಡಿಸಿದ್ರಲ್ಲ ಸರ್" ಅಂತ ಬೈದೇ ಬರೆದಿದಾರೆ. ಆಯ್ತು, ಈ ಸಲ ಪೂರ್ತಿ ಅದೇ ಮಾತಾಡೋಣ.

ಪ್ರಶ್ನೆ: ಸರ್, ಯೂಟ್ಯೂಬಲ್ಲಿ ಈ ಶೋಗಳನ್ನ ದಿನಾ ನೋಡ್ತೀನಿ. ಹೋಸ್ಟ್ ಹಿಂದುಗಡೆ ರಾತ್ರಿಯ ಊರು, ಮಿಣಮಿಣ ದೀಪ, ಬಾಯಲ್ಲಿ "ಟುನೈಟ್" ಅನ್ನೋ ಮಾತು. ಹಗಲು ಹೊತ್ತಲ್ಲಿ ಶೂಟ್ ಮಾಡ್ತಾರೆ ಅಂದ್ರೆ ಹೇಗೆ ನಂಬೋದು?

ಆ ಊರು ಸೆಟ್ಟು ಕಣ್ರೀ! ದೀಪಾನೂ ಸೆಟ್ಟಿನವರು ಹಾಕಿದ್ದೇ. ಸ್ಟುಡಿಯೋ ಒಳಗೆ ಕಿಟಕಿ ಇರಲ್ಲ, ಹೊರಗೆ ಬಿಸಿಲಿದ್ರೂ ಮಳೆ ಇದ್ರೂ ಒಳಗೆ ಯಾವಾಗ್ಲೂ ಹನ್ನೊಂದೂವರೆಯೇ. ನ್ಯೂಯಾರ್ಕಲ್ಲಿ ಜಿಮ್ಮಿ ಫ್ಯಾಲನ್ ಶೋ ಶೂಟ್ ಆಗೋದು ಸಂಜೆ ಐದರ ಆಸುಪಾಸು, ಲಾಸ್ ಏಂಜಲೀಸಲ್ಲಿ ಜಿಮ್ಮಿ ಕಿಮ್ಮೆಲ್ದು ಅಲ್ಲಿನ ನಾಲ್ಕೂವರೆ ಹೊತ್ತಿಗೆ. ಅಂದ್ರೆ ಪ್ರೇಕ್ಷಕರು ಶೋ ಮುಗಿಸಿ ಆಚೆ ಬಂದಾಗ ಇನ್ನೂ ಬೆಳಕಿರೋ ಸಾಧ್ಯತೇನೇ ಜಾಸ್ತಿ.

ಅವರ ದಿನ ಶುರುವಾಗೋದು ಬೆಳಗ್ಗೇನೇ, ನಮ್ಮ ದಿನಪತ್ರಿಕೆ ಆಫೀಸುಗಳ ಥರಾನೇ. ಬರೆಯೋರು ಹಿಂದಿನ ರಾತ್ರಿಯಿಂದ ಬಂದ ಸುದ್ದಿಯೆಲ್ಲ ನೋಡಿಕೊಂಡು ಜೋಕು ಬರೆದು ಕಳಿಸ್ತಾರೆ, ಬಂದಿದ್ರಲ್ಲಿ ಮುಕ್ಕಾಲು ಪಾಲು ಕಸದ ಬುಟ್ಟಿಗೇ ಹೋಗತ್ತೆ, ಮಧ್ಯಾಹ್ನ ಉಳಿದಿದ್ದನ್ನ ಜೋರಾಗಿ ಹೇಳಿ ರಿಹರ್ಸಲ್ ಮಾಡ್ತಾರೆ, ಅಲ್ಲಿ ಯಾರೂ ನಗದೇ ಇದ್ದಿದ್ದು ಕೂಡ ಔಟು. ಆಮೇಲೆ ಉಳಿದ ಸಾಲುಗಳನ್ನ ಹೋಸ್ಟ್ ನೋಡಿ ಓದೋಕೆ ಅಂತ ದಪ್ಪಕ್ಷರದಲ್ಲಿ ಕ್ಯೂ ಕಾರ್ಡ್ ಮೇಲೆ ಬರೆದೋ ಪ್ರಾಂಪ್ಟರ್ ಪರದೆಗೆ ಹಾಕಿಯೋ ಇಡ್ತಾರೆ, ಜನಾನ ಒಳಗೆ ಕೂರಿಸ್ತಾರೆ, ಬ್ಯಾಂಡಿನವರು ಶುರು ಹಚ್ಕೋತಾರೆ, ಹೋಸ್ಟ್ ಬರ್ತಾನೆ.

ಈಗ ನನಗೆ ತುಂಬಾ ಇಷ್ಟವಾದ ವಿಷಯ. ಟೇಪ್ ಆಗತ್ತೆ ಅಂದ ತಕ್ಷಣ ಸಿನಿಮಾ ಥರ ನಿಲ್ಲಿಸಿ ನಿಲ್ಲಿಸಿ, ಟೇಕ್ ಮೇಲೆ ಟೇಕ್ ತಗೊಂಡು ಮಾಡ್ತಾರೆ ಅನ್ಕೋಬೇಡಿ. ಇಲ್ಲ. ಅವರಲ್ಲಿ ಇದಕ್ಕೆ 'ಲೈವ್ ಟು ಟೇಪ್' ಅಂತಾರೆ, ಅಂದ್ರೆ ಲೈವ್ ಹೋಗ್ತಿದೀವಿ ಅನ್ನೋ ಹಾಗೇ ಒಂದೇ ಓಟದಲ್ಲಿ ಓಡಿಸಿಬಿಡೋದು. ಜಾಹೀರಾತು ಬರೋ ಜಾಗದಲ್ಲಿ ಹೆಚ್ಚುಕಮ್ಮಿ ಜಾಹೀರಾತಿನಷ್ಟೇ ಹೊತ್ತು ನಿಲ್ಲಿಸ್ತಾರೆ, ಆ ಎರಡು ಮೂರು ನಿಮಿಷ ಬ್ಯಾಂಡು ಬಿಡದೆ ಬಾರಿಸ್ತಾ ಇರತ್ತೆ, ಡೇವಿಡ್ ಲೆಟರ್‌ಮನ್ ಶೋನಲ್ಲಿ ಪಾಲ್ ಶಾಫರ್ ಬ್ಯಾಂಡು ಹಾಗೆ ಬಾರಿಸಿದ್ದನ್ನ ಮನೇಲಿ ಕೂತವರು ಕೇಳಲೇ ಇಲ್ಲ, ಅದು ಅಲ್ಲಿ ಕೂತವರಿಗೆ ಮಾತ್ರ ಸಿಕ್ಕಿದ ಕಛೇರಿ. ಅಷ್ಟರಲ್ಲಿ ಮೇಕಪ್‌ನವರು ಬಂದು ಹಣೆ ಒರೆಸ್ತಾರೆ, ಪ್ರೊಡ್ಯೂಸರ್ ಬಗ್ಗಿ ಏನೋ ಪಿಸುಗುಟ್ಟಿ ಹೋಗ್ತಾನೆ, ಮತ್ತೆ ಶುರು.

ಯಾಕೆ ಹೀಗೆ? ಒಂದು, ರಾತ್ರಿ ಪ್ರಸಾರಕ್ಕೆ ಇರೋದೇ ನಾಲ್ಕೈದು ಗಂಟೆ, ಕೂತು ಕತ್ತರಿಸೋಕೆ ಪುರುಸೊತ್ತು ಎಲ್ಲಿದೆ. ಇನ್ನೊಂದು ನಗು. ನಗು ಅನ್ನೋದು ಕಾವು ಇದ್ದಂಗೆ, ನಿಲ್ಲಿಸಿದ್ರೆ ಆರಿಹೋಗತ್ತೆ. ಎರಡನೇ ಟೇಕಿಗೆ ಅದೇ ಜೋಕು ಹೇಳಿ ನೋಡಿ, ನಿಮ್ಮ ಮನೆಯವರೇ ನಗಲ್ಲ.

ಪ್ರಶ್ನೆ: ಮೊದಲಿಂದ್ಲೂ ಟೇಪೇನಾ? ಹಳೇ ಕಾಲದಲ್ಲಾದ್ರೂ ನಿಜವಾಗಿ ಲೈವ್ ಇತ್ತಾ?

ಇತ್ತು. ಎನ್‌ಬಿಸಿ ಅನ್ನೋ ಟಿವಿ ನೆಟ್‌ವರ್ಕಿನ 'ದ ಟುನೈಟ್ ಶೋ' 1954ರ ಸೆಪ್ಟೆಂಬರ್ 27ಕ್ಕೆ ಸ್ಟೀವ್ ಆಲೆನ್ ಹೋಸ್ಟ್ ಆಗಿ ಶುರುವಾದಾಗ ನ್ಯೂಯಾರ್ಕಿಂದ ನೇರ ಪ್ರಸಾರವೇ. ಬೇರೆ ದಾರೀನೂ ಇರ್ಲಿಲ್ಲ, ಯಾಕಂದ್ರೆ ಕೆಲಸಕ್ಕೆ ಬರೋ ವಿಡಿಯೋ ಟೇಪ್ ಯಂತ್ರ ಅಂತ ಆಂಪೆಕ್ಸ್ ಕಂಪನಿಯದು ಬಂದಿದ್ದೇ 1956ರಲ್ಲಿ. ಆಲೆನ್ ಆದ ಮೇಲೆ ಜಾಕ್ ಪಾರ್ ಬಂದ, ಅವನ ಕಾಲದಲ್ಲೇ ಶೋ ಸಂಜೆ ಟೇಪ್ ಆಗೋಕೆ ಶುರುವಾಯ್ತು, ಎಲ್ರಿಗೂ ಆರಾಮಾಯ್ತು, ರಾತ್ರಿ ಒಂದು ಗಂಟೆವರೆಗೆ ಯಾರೂ ಕಣ್ಣುಜ್ಜಿಕೊಂಡು ಕೂರಬೇಕಾಗಿಲ್ಲ.

ಆದ್ರೆ ಆ ಆರಾಮಕ್ಕೆ ಬೆಲೆ ತೆತ್ತವನೂ ಅವನೇ. 1960ರ ಫೆಬ್ರವರೀಲಿ ಒಂದು ಜೋಕ್ ಹೇಳ್ದ, ಇಂಗ್ಲಿಷಲ್ಲಿ ಡಬ್ಲ್ಯೂ.ಸಿ. ಅಂದ್ರೆ ಶೌಚಾಲಯ, ಕೇಳಿದವನು ಅದನ್ನ ಒಂದು ಚರ್ಚಿನ ಹೆಸರು ಅನ್ಕೊಂಡು ಎಷ್ಟು ಜನ ಕೂರಬಹುದು, ಯಾವ ಯಾವ ದಿನ ತೆಗೆದಿರತ್ತೆ ಅಂತೆಲ್ಲ ಭಕ್ತಿಯಿಂದ ವಿವರಿಸೋದು. ಇವತ್ತಿಗೆ ಮಕ್ಕಳ ಜೋಕು. ಆದ್ರೆ ಶೂಟಿಂಗಿಗೂ ಪ್ರಸಾರಕ್ಕೂ ನಡುವಿದ್ದ ಆ ಕೆಲವು ಗಂಟೇಲಿ ಎನ್‌ಬಿಸಿಯವರು ಅವನಿಗೆ ಒಂದು ಮಾತೂ ಹೇಳದೆ ಅದನ್ನ ಕತ್ತರಿಸಿ, ಆ ಜಾಗಕ್ಕೆ ಸುದ್ದಿ ತುಂಬಿದ್ರು. ಮಾರನೇ ದಿನ, ಫೆಬ್ರವರಿ 11ಕ್ಕೆ, ಪಾರ್ ಕ್ಯಾಮೆರಾ ಮುಂದೇನೇ ತನ್ನ ಅಸಮಾಧಾನ ಹೇಳ್ಕೊಂಡು, ಕಣ್ಣಲ್ಲಿ ನೀರು ತುಂಬ್ಕೊಂಡು, ಎದ್ದು ಹೊರಟೇಬಿಟ್ಟ. ಜೊತೇಲಿದ್ದ ಹ್ಯೂ ಡೌನ್ಸ್ ಪಾಪ ಉಳಿದ ಶೋ ಎಳೆದ. ಸುಮಾರು ಒಂದು ತಿಂಗಳಾದ ಮೇಲೆ, ಮಾರ್ಚ್ 7ಕ್ಕೆ ವಾಪಸ್ ಬಂದ, ಬಂದವನು ಹೇಳಿದ ಮೊದಲ ಮಾತು: "ನಡುವೆ ಬಾಯಿ ಹಾಕಿ ನನ್ನ ನಿಲ್ಲಿಸೋಕೆ ಮುಂಚೆ ನಾನು ಹೇಳ್ತಾ ಇದ್ದೆನಲ್ಲ..." ಲೈವ್ ಆಗಿದ್ದಿದ್ರೆ ಈ ಜಗಳಾನೇ ಹುಟ್ತಿರ್ಲಿಲ್ಲ.

ಪ್ರಶ್ನೆ: ಈ ಶೋಗಳ ಪ್ರಸಾರ ರಾತ್ರಿ 11:35ಕ್ಕೆ ಅಂತ ಯಾಕೆ? ಹನ್ನೊಂದೂವರೆ ಅಂತ ಗುಂಡಗೆ ಇಟ್ಕೋಬಾರ್ದಾ?

ಮೊದಲು ಗುಂಡಗೇ ಇತ್ತು. ಆ ಐದು ನಿಮಿಷ ದುಡ್ಡಿಂದು.

ಅಮೆರಿಕದಲ್ಲಿ ಎನ್‌ಬಿಸಿ, ಸಿಬಿಎಸ್, ಎಬಿಸಿ ಅನ್ನೋ ದೊಡ್ಡ ನೆಟ್‌ವರ್ಕುಗಳು ಇಡೀ ದೇಶಕ್ಕೆ ನೇರವಾಗಿ ತಲುಪಲ್ಲ, ಪ್ರತಿ ಊರಲ್ಲೂ ಒಂದು ಸ್ಥಳೀಯ ಸ್ಟೇಷನ್ ಇರತ್ತೆ, ಅದರ ಮೂಲಕ ಹೋಗಬೇಕು. ಈ ಸ್ಟೇಷನ್ನುಗಳಿಗೆ ಒಳ್ಳೇ ಸಂಪಾದನೆ ರಾತ್ರಿ ಹನ್ನೊಂದರ ಸ್ಥಳೀಯ ವಾರ್ತೇಲಿ. ಹಾಗಾಗಿ ಟಾಕ್ ಶೋ ಯಾವಾಗ್ಲೂ ಆ ವಾರ್ತೆಯ ಬಾಲ ಹಿಡ್ಕೊಂಡೇ ಬರಬೇಕು. 1950ರ ದಶಕದಲ್ಲಿ ವಾರ್ತೆ ಹದಿನೈದೇ ನಿಮಿಷ ಇತ್ತು, ಟುನೈಟ್ ಶೋ 11:15ಕ್ಕೆ ಶುರುವಾಗಿ ರಾತ್ರಿ ಒಂದರವರೆಗೆ, ಪೂರಾ 105 ನಿಮಿಷ. ಆಮೇಲೆ ಒಂದೊಂದೇ ಸ್ಟೇಷನ್ ವಾರ್ತೇನ ಅರ್ಧ ಗಂಟೆಗೆ ಎಳೆದ್ವು, ಅವು ಶೋಗೆ ಸೇರಿಕೊಳ್ತಿದ್ದಿದ್ದು 11:30ಕ್ಕೆ. ಹಾಗಾದಾಗ ಏನಾಯ್ತು ಅಂದ್ರೆ 1962ರಿಂದ ಹೋಸ್ಟ್ ಆಗಿದ್ದ ಜಾನಿ ಕಾರ್ಸನ್ 11:15ಕ್ಕೆ ಹೇಳೋ ಮೊದಲ ಮಾತುಗಳು, ಅಂದ್ರೆ ಶೋದ ಒಳ್ಳೊಳ್ಳೇ ಜೋಕುಗಳೆಲ್ಲ, ಎಷ್ಟೋ ಊರುಗಳಿಗೆ ತಲುಪ್ತಾನೇ ಇರ್ಲಿಲ್ಲ. 1965ರಲ್ಲಿ ಅವನು ಸುಮ್ನೆ, 11:30ರ ತನಕ ನಾನು ವೇದಿಕೆಗೇ ಬರಲ್ಲ ಅಂದುಬಿಟ್ಟ! ಮೊದಲ ಕಾಲು ಗಂಟೆ ಜೊತೆಗಾರ ಎಡ್ ಮೆಕ್‌ಮಾನ್ ಮತ್ತು ಬ್ಯಾಂಡಿನ ಸ್ಕಿಚ್ ಹೆಂಡರ್ಸನ್ ಹೇಗೋ ತಳ್ಳಿದ್ರು. ಕೊನೆಗೆ 1967ರಲ್ಲಿ ಆ ಕಾಲು ಗಂಟೇನೇ ತೆಗೆದು ಹಾಕಿದ್ರು, ಶೋ 90 ನಿಮಿಷ ಆಯ್ತು, 1980ರಲ್ಲಿ ಒಂದು ಗಂಟೆಗೆ ಇಳೀತು. ಸಂಬಳ ಕಮ್ಮಿ ಆಗದೆ ಕೆಲಸ ಕಮ್ಮಿ ಮಾಡಿಸ್ಕೊಳ್ಳೋ ಕಲೇಲಿ ಕಾರ್ಸನ್ನನ್ನ ಮೀರಿಸಿದೋರು ಟಿವೀಲಿ ಇಲ್ಲ ಅನ್ಸತ್ತೆ ನನಗೆ.

1991ರಲ್ಲಿ ಸ್ಥಳೀಯ ಸ್ಟೇಷನ್ನುಗಳಿಗೆ ವಾರ್ತೇಲಿ ಇನ್ನೊಂದಿಷ್ಟು ಜಾಹೀರಾತು ಹಾಕ್ಕೊಳ್ಳಿ ಅಂತ ಐದು ನಿಮಿಷ ಬಿಟ್ಟುಕೊಟ್ರು. ಅಲ್ಲಿಂದ 11:35.

ಇದರ ಜೊತೆ ಕಾಲವಲಯದ ಗೋಜಲು ಬೇರೆ. ನ್ಯೂಯಾರ್ಕಿಗೆ 11:35ಕ್ಕೆ ಹೋಗೋ ಪ್ರಸಾರ ಅದೇ ಕ್ಷಣ ಶಿಕಾಗೋಗೂ ಹೋಗತ್ತೆ, ಅಲ್ಲಿ ಗಡಿಯಾರದಲ್ಲಿ ಆಗ 10:35. ಲಾಸ್ ಏಂಜಲೀಸ್ ಕಡೆ ಮಾತ್ರ ಮೂರು ಗಂಟೆ ಹಿಡಿದಿಟ್ಟು ಅಲ್ಲಿನ 11:35ಕ್ಕೆ ಬಿಡ್ತಾರೆ. ಅಂದ್ರೆ ಕಿಮ್ಮೆಲ್ ಶೋ ಲಾಸ್ ಏಂಜಲೀಸಲ್ಲೇ ಶೂಟ್ ಆಗಿ, ಮೊದಲು ನ್ಯೂಯಾರ್ಕ್ ನೋಡಿ, ಆಮೇಲೆ ಶೂಟ್ ಆದ ಊರಿನೋರು ನೋಡ್ತಾರೆ. ಹಿತ್ತಲ ಹೂವು ಪೇಟೆ ಸುತ್ತಿ ಮನೆಗೆ ಬಂದಂಗೆ.

ಪ್ರಶ್ನೆ: ಕಿಮ್ಮೆಲ್ ಶೋ ಹೆಸರಲ್ಲೇ 'ಲೈವ್' ಅಂತಿದೆ. ಅದೂ ಸುಳ್ಳಾ?

ಹುಟ್ಟಿದಾಗ ನಿಜಾನೇ ಇತ್ತು. 'ಜಿಮ್ಮಿ ಕಿಮ್ಮೆಲ್ ಲೈವ್' 2003ರ ಜನವರಿ 26ಕ್ಕೆ, ಅಮೆರಿಕನ್ ಫುಟ್‌ಬಾಲ್ ಫೈನಲ್ ಆದ ಸೂಪರ್ ಬೌಲ್ ಆಟ ಮುಗಿದ ರಾತ್ರಿ ಶುರುವಾಯ್ತು, ಮೊದಲ ಒಂದು ವರ್ಷದಷ್ಟು ಕಾಲ ಲೈವ್ ಹೋಗ್ತಿತ್ತು. ಅತಿಥಿಗಳ ಬಾಯಿಗೆ ಬೀಗ ಹಾಕೋಕಾಗಲ್ವಲ್ಲ, ಎಬಿಸಿಯವರಿಗೆ ಪುಕಪುಕ ಶುರುವಾಗಿ ಆಮೇಲೆ ಟೇಪಿಗೆ ಬಂದ್ರು. ಹೆಸರು ಮಾತ್ರ ಹಾಗೇ ಉಳೀತು, ದಪ್ಪಗಾದ ಮೇಲೂ ಎಲ್ಲರೂ ಸಣ್ಣಪ್ಪ ಅಂತಾನೇ ಕರೆಯಲ್ವಾ, ಹಂಗೆ.

ಪ್ರಶ್ನೆ: ಸಂಜೆ ಶೂಟ್ ಆಗಿ ರಾತ್ರಿ ಪ್ರಸಾರ ಆಗೋದ್ರೊಳಗೆ ದೊಡ್ಡ ಸುದ್ದಿ ಏನಾದ್ರೂ ಬಂದ್ರೆ? ಜೋಕೆಲ್ಲ ಹಳಸಿಹೋಗಲ್ವಾ?

ಬಂದ ಪತ್ರಗಳಲ್ಲಿ ಅತಿ ಒಳ್ಳೇ ಪ್ರಶ್ನೆ ಇದು, ಯಾಕಂದ್ರೆ ಈ ಇಡೀ ವ್ಯವಹಾರದ ನರ ಇರೋದೇ ಆ ನಾಲ್ಕೈದು ಗಂಟೇಲಿ.

ಕೆಲವು ಸಲ ಆ ಗಂಟೆಗಳು ಮಾನ ಉಳಿಸ್ತವೆ. 1971ರ ಜೂನಲ್ಲಿ ಡಿಕ್ ಕ್ಯಾವೆಟ್ ಶೋಗೆ ಆರೋಗ್ಯದ ಬಗ್ಗೆ ಬರೀತಿದ್ದ, ಸಾವಯವ ಬೇಸಾಯದ ಪ್ರಚಾರಕ ಜೆ.ಐ. ರೊಡೇಲ್ ಅನ್ನೋರು ಬಂದಿದ್ರು, ವಯಸ್ಸು 72, ನಾನು ನೂರು ವರ್ಷ ಬದುಕ್ತೀನಿ ಅಂತ ಹೇಳ್ಕೊಂಡವರು. ತಮ್ಮ ಮಾತು ಮುಗಿಸಿ ಪಕ್ಕದ ಸೀಟಿಗೆ ಸರಿದು ಕೂತಿದ್ರು, ಮುಂದಿನ ಅತಿಥಿ ಮಾತಾಡ್ತಿರೋವಾಗ ಅಲ್ಲೇ ಹೃದಯಾಘಾತವಾಗಿ ಪ್ರಾಣ ಹೋಯ್ತು. ಟೇಪ್ ಆಗ್ತಿದ್ದಿದ್ದಕ್ಕೆ ಆಯ್ತು, ಆ ಶೋ ಪ್ರಸಾರ ಆಗಲೇ ಇಲ್ಲ, ಬೇರೆ ಹಾಕಿದ್ರು. ಆದ್ರೂ ಈ ಕತೆ ಎಷ್ಟು ಹಬ್ಬಿದೆ ಅಂದ್ರೆ ಎಷ್ಟೋ ಜನ ಅದನ್ನ ಟಿವೀಲಿ ನೋಡಿದ ನೆನಪಿದೆ ಅಂತ ಕ್ಯಾವೆಟ್ ಹತ್ರಾನೇ ಹೇಳಿದಾರೆ! ನೆನಪು ಅನ್ನೋದೂ ಒಂಥರಾ ಎಡಿಟಿಂಗೇ.

ಇನ್ನು ಕೆಲವು ಸಲ ಆ ಗಂಟೆಗಳನ್ನ ಅತಿಥಿಗಳೇ ಬಳಸ್ಕೋತಾರೆ. 2009ರ ಮಾರ್ಚಲ್ಲಿ ಅಧ್ಯಕ್ಷ ಬರಾಕ್ ಒಬಾಮ ಜೇ ಲೆನೋ ಶೋಗೆ ಬಂದ್ರು, ಅಧಿಕಾರದಲ್ಲಿರೋ ಅಧ್ಯಕ್ಷ ಹೀಗೆ ಬಂದಿದ್ದು ಅದೇ ಮೊದಲು. ತಮ್ಮ ಬೌಲಿಂಗ್ ಆಟ ಎಷ್ಟು ಕೆಟ್ಟದು ಅಂತ ಹೇಳೋಕೆ ಹೋಗಿ, ಬೌದ್ಧಿಕ ಅಂಗವೈಕಲ್ಯ ಇರೋರ ಕ್ರೀಡೆಯಾದ ಸ್ಪೆಷಲ್ ಒಲಿಂಪಿಕ್ಸ್ ಹೆಸರು ತಂದು ತಮಾಷೆ ಮಾಡಿಬಿಟ್ರು. ಸ್ಟುಡಿಯೋದಲ್ಲಿ ಜನ ನಕ್ಕೂ ಆಯ್ತು. ಆದ್ರೆ ಪ್ರಸಾರಕ್ಕೆ ಇನ್ನೂ ಹೊತ್ತಿತ್ತಲ್ಲ, ವಿಮಾನದಿಂದಲೇ ಆ ಸಂಸ್ಥೆಯ ಅಧ್ಯಕ್ಷ ಟಿಮ್ ಶ್ರೈವರ್‌ಗೆ ಫೋನ್ ಮಾಡಿ ಕ್ಷಮೆ ಕೇಳಿದ್ರು. ದೇಶ ಆ ತಪ್ಪನ್ನ ನೋಡೋಕೆ ಮುಂಚೇನೇ ಕ್ಷಮೆ ಕೇಳಿ ಆಗಿತ್ತು.

ಇದಕ್ಕೆ ಪೂರಾ ಉಲ್ಟಾ ಆಗಿದ್ದು 2008ರ ಸೆಪ್ಟೆಂಬರ್ 24ಕ್ಕೆ. ಅಧ್ಯಕ್ಷ ಚುನಾವಣೆಗೆ ನಿಂತಿದ್ದ ಜಾನ್ ಮೆಕೇನ್ ಅವತ್ತು ಲೆಟರ್‌ಮನ್ ಶೋಗೆ ಬರಬೇಕಿತ್ತು, ಆರ್ಥಿಕ ಬಿಕ್ಕಟ್ಟು, ತಕ್ಷಣ ವಾಷಿಂಗ್ಟನ್‌ಗೆ ಓಡಬೇಕು ಅಂತ ಫೋನ್ ಮಾಡಿ ತಪ್ಪಿಸ್ಕೊಂಡ್ರು. ಶೂಟಿಂಗ್ ನಡೀತಿರೋವಾಗಲೇ ಲೆಟರ್‌ಮನ್‌ಗೆ ಗೊತ್ತಾಗಿದ್ದೇನು ಅಂದ್ರೆ ಮೆಕೇನ್ ಎಲ್ಲೂ ಓಡಿಲ್ಲ, ಅದೇ ನ್ಯೂಯಾರ್ಕಲ್ಲಿ, ಅದೇ ಸಿಬಿಎಸ್‌ನ ನ್ಯೂಸ್ ಸ್ಟುಡಿಯೋದಲ್ಲಿ ವಾರ್ತಾ ನಿರೂಪಕಿ ಕೇಟೀ ಕೌರಿಕ್‌ಗೆ ಸಂದರ್ಶನ ಕೊಡೋಕೆ ಕೂತು ಮುಖಕ್ಕೆ ಪೌಡರ್ ಹಚ್ಚಿಸ್ಕೊಳ್ತಿದಾರೆ! ಒಂದೇ ಚಾನೆಲ್ ಅಲ್ವಾ, ಒಳಗಿನ ಕ್ಯಾಮೆರಾ ದೃಶ್ಯ ಎಳೆದು ತನ್ನ ಶೋನಲ್ಲೇ ತೋರಿಸಿಬಿಟ್ಟ. ಈಗ ಯೋಚನೆ ಮಾಡಿ, ಲೆಟರ್‌ಮನ್ ಶೋ ನಿಜವಾಗ್ಲೂ ರಾತ್ರಿ 11:35ಕ್ಕೆ ನಡೆಯೋ ಹಾಗಿದ್ದಿದ್ರೆ ಮೆಕೇನ್ ಸಿಕ್ಕಿಬೀಳ್ತಾನೇ ಇರ್ಲಿಲ್ಲ, ಸಂಜೆ ವಾರ್ತೆ ತಯಾರಾಗೋ ಹೊತ್ತಿಗೇ ಈ ಶೋನೂ ತಯಾರಾಗ್ತಿತ್ತು, ಅದಕ್ಕೇ ಕಂತೆ ಬಿಚ್ಚಿಕೊಳ್ತು.

ಮತ್ತೆ ಒಂದು ಇದೆ, ಇದನ್ನ ನೆನೆಸ್ಕೊಂಡ್ರೆ ಗಂಟಲು ಕಟ್ಟತ್ತೆ. 2014ರ ಆಗಸ್ಟ್ 11ಕ್ಕೆ ಕೋನನ್ ಓಬ್ರಿಯನ್ ಶೋ ಟೇಪ್ ಆಗ್ತಿರೋವಾಗ ನಟ ರಾಬಿನ್ ವಿಲಿಯಮ್ಸ್ ತೀರಿಕೊಂಡ ಸುದ್ದಿ ಬಂತು. ಶೋ ಕೊನೇಲಿ ಕೋನನ್ ಅದನ್ನ ಹೇಳ್ತಾ, ನೀವು ಟಿವೀಲಿ ಇದನ್ನ ನೋಡೋ ಹೊತ್ತಿಗೆ ನಿಮಗೆಲ್ಲ ಗೊತ್ತಾಗಿರತ್ತೆ ಅನ್ನೋ ಅರ್ಥದ ಮಾತು ಆಡಿದ. ಅಲ್ಲಿ ಕೂತವರಿಗೆ ಅದು ಆಗತಾನೇ ಬಿದ್ದ ಪೆಟ್ಟು, ಮನೇಲಿದ್ದವರಿಗೆ ಆಗ್ಲೇ ಹಳೇ ನೋವು. ಒಂದೇ ಮಾತನ್ನ ಎರಡು ಬೇರೆ ಹೊತ್ತಲ್ಲಿರೋ ಜನಕ್ಕೆ ಹೇಳಬೇಕಾದ ಕಷ್ಟ ಅದು, ಉಳಿದ ದಿನ ಎಲ್ಲ ಹೋಸ್ಟುಗಳೂ ಅದನ್ನ ನಗ್ತಾ ನಗ್ತಾ ಮುಚ್ಚಿಟ್ಟಿರ್ತಾರೆ.

ಮೊದಲೇ ಗೊತ್ತಿರೋ ದೊಡ್ಡ ರಾತ್ರಿಗಳಿಗೆ, ಪಕ್ಷದ ಅಧಿವೇಶನ, ಅಧ್ಯಕ್ಷರ ವಾರ್ಷಿಕ ಭಾಷಣ ಇಂಥವಕ್ಕೆ, ಸ್ಟೀಫನ್ ಕೋಲ್ಬೇರ್ ಎಷ್ಟೋ ಸಲ ಪೂರಾ ಲೈವೇ ಮಾಡಿದಾನೆ.

ಪ್ರಶ್ನೆ: ಪ್ರೇಕ್ಷಕರು ದುಡ್ಡು ಕೊಟ್ಟು ಬರ್ತಾರಾ, ದುಡ್ಡು ತಗೊಂಡು ನಗ್ತಾರಾ?

ಎರಡೂ ಅಲ್ಲ. ಟಿಕೆಟ್ ಉಚಿತ. ಆದ್ರೆ ಇರೋ ಸೀಟಿಗಿಂತ ಜಾಸ್ತಿ ಟಿಕೆಟ್ ಹಂಚಿರ್ತಾರೆ, ಹಾಗಾಗಿ ಟಿಕೆಟ್ ಕೈಲಿದ್ರೂ ಸೀಟು ಗ್ಯಾರಂಟಿ ಇಲ್ಲ, ಬೇಗ ಹೋಗಿ ಸಾಲಲ್ಲಿ ನಿಲ್ಬೇಕು. ಶೋಗೆ ಮುಂಚೆ ಒಬ್ಬ ಹಾಸ್ಯಗಾರ ಬಂದು ಜನರನ್ನ ಹುರಿದುಂಬಿಸ್ತಾನೆ, ಚಪ್ಪಾಳೆ ಅಭ್ಯಾಸ ಮಾಡಿಸ್ತಾನೆ. ಲೆಟರ್‌ಮನ್ ಅಂತೂ ಥಿಯೇಟರನ್ನ ಹಲ್ಲು ಕಟಕಟ ಅನ್ನೋಷ್ಟು ತಣ್ಣಗಿಡಿಸ್ತಿದ್ದ, ಬೆಚ್ಚಗಾದ್ರೆ ಜನ ತೂಕಡಿಸ್ತಾರೆ ಅಂತ. ಸರಿಯಾಗೇ ಇದೆ ಲೆಕ್ಕ.

ಪ್ರಶ್ನೆ: ಅತಿಥಿಗಳ ಜೊತೆ ಮಾತು ಮೊದಲೇ ಬರೆದಿರತ್ತಾ ಮೇಡಂ? (ನಾನು ಮೇಡಂ ಅಲ್ಲ, ಇರ್ಲಿ.)

ಬರೆದಿರಲ್ಲ, ಮಾತಾಡಿಟ್ಟಿರ್ತಾರೆ. ಮುಂಚೇನೇ ಒಬ್ಬ ಪ್ರೊಡ್ಯೂಸರ್ ಅತಿಥಿಗೆ ಫೋನ್ ಮಾಡಿ ಮಜವಾದ ಕತೆ ಏನಿದೆ ಅಂತ ಕೆದಕಿ, ಒಳ್ಳೇದನ್ನ ಹೋಸ್ಟ್‌ಗೆ ಬರೆದು ಕೊಡ್ತಾರೆ. ಅದಕ್ಕೇ ಹೋಸ್ಟ್ "ಮೊನ್ನೆ ನಿಮ್ಮ ನಾಯಿ ಏನೋ ಮಾಡ್ತಂತಲ್ಲ" ಅಂತ ಕೇಳೋದು. ಇಲ್ಲದಿದ್ರೆ ಅವನಿಗೆ ಆ ನಾಯಿ ವಿಷಯ ಹೇಗೆ ಗೊತ್ತು ಹೇಳಿ.

ಪ್ರಶ್ನೆ: ಹೇಗಿದ್ರೂ ಟೇಪ್ ಮಾಡಿದ್ದು ಅಂದ ಮೇಲೆ ಅರ್ಧ ಗಂಟೆ ಆಚೆ ಈಚೆ ಹಾಕಿದ್ರೆ ಏನಾಗತ್ತೆ? ಅದಕ್ಕೆ ಯಾಕೆ ಇಷ್ಟೊಂದು ಗಲಾಟೆ ಆಗಿತ್ತು?

2010ರದ್ದು ಕೇಳ್ತಿದೀರಾ. ನಡೆದಿದ್ದು ಹೀಗೆ. 2009ರ ಜೂನಲ್ಲಿ ಎನ್‌ಬಿಸಿ ಟುನೈಟ್ ಶೋನ ಲೆನೋ ಕೈಯಿಂದ ಕೋನನ್‌ಗೆ ಕೊಡ್ತು, ಲೆನೋ ಬೇರೆ ಚಾನೆಲ್‌ಗೆ ಹೋಗದೇ ಇರ್ಲಿ ಅಂತ ಅವನಿಗೆ ರಾತ್ರಿ ಹತ್ತಕ್ಕೆ ಹೊಸ ಶೋ ಕೊಡ್ತು. ಹತ್ತರ ಶೋ ಜನ ನೋಡ್ಲಿಲ್ಲ, ಅದು ಬಿದ್ದಾಗ ಅದರ ಹಿಂದೇನೇ ಬರೋ ಹನ್ನೊಂದರ ಸ್ಥಳೀಯ ವಾರ್ತೆನೂ ಬಿತ್ತು, ಸ್ಟೇಷನ್ನುಗಳು ತಿರುಗಿಬಿದ್ವು. ಆಗ ಎನ್‌ಬಿಸಿ ಒಂದು ಉಪಾಯ ಹೂಡ್ತು: ಲೆನೋಗೆ 11:35ಕ್ಕೆ ಅರ್ಧ ಗಂಟೆ, ಕೋನನ್ನನ ಟುನೈಟ್ ಶೋ 12:05ಕ್ಕೆ.

ಕೋನನ್ ಒಪ್ಪಲಿಲ್ಲ. ಟುನೈಟ್ ಶೋನ ಮಾರನೇ ದಿನಕ್ಕೆ ತಳ್ಳಿದ್ರೆ ಅದು ಟುನೈಟ್ ಶೋ ಆಗಿ ಉಳಿಯಲ್ಲ ಅಂತ ಬಹಿರಂಗ ಪತ್ರ ಬರೆದ. ಮಜಾ ನೋಡಿ, ಎರಡು ಲೆಕ್ಕದಲ್ಲೂ ಶೂಟಿಂಗ್ ಹಗಲಿಗೇ ಮುಗೀತಿತ್ತು, ಅವನ ಒಂದು ನಿಮಿಷದ ಕೆಲಸಾನೂ ಬದಲಾಗ್ತಿರ್ಲಿಲ್ಲ, ಆದ್ರೂ ಆ ಅರ್ಧ ಗಂಟೆಗೋಸ್ಕರ ಕೆಲಸ ಬಿಟ್ಟ. 2010ರ ಜನವರಿ 22ಕ್ಕೆ ಕೊನೇ ಶೋ, ಎನ್‌ಬಿಸಿ ಸುಮಾರು 4.5 ಕೋಟಿ ಡಾಲರ್ ಕೊಟ್ಟು ಬಿಡುಗಡೆ ಮಾಡ್ತು, ಅದರಲ್ಲಿ ಸುಮಾರು 1.2 ಕೋಟಿ ಅವನ ಸಿಬ್ಬಂದಿಗೆ. ನನಗೆ ಕೋನನ್ ಹೇಳಿದ್ದು ಸರಿ ಅನ್ಸತ್ತೆ. ಯಾವಾಗ ಶೂಟ್ ಮಾಡ್ತೀವಿ ಅನ್ನೋದು ಕಂಪನಿ ಒಳಗಿನ ಅನುಕೂಲ, ನೋಡೋನು ಯಾವಾಗ ದೀಪ ಆರಿಸ್ತಾನೆ ಅನ್ನೋದೇ ನಿಜವಾದ ಗಡಿಯಾರ, ಬೆಳಗ್ಗೆ ಕೆಲಸಕ್ಕೆ ಹೋಗಬೇಕಾದವನು ವಾರ್ತೆ ಮುಗಿದ ಮೇಲೆ ಒಂದು ಐದು ಹತ್ತು ನಿಮಿಷ ಎದ್ದಿರ್ತಾನೆ ಅಷ್ಟೇ, ಜೋಕುಗಳನ್ನೆಲ್ಲ ಶುರುವಿಗೇ ಸುರಿಯೋದೂ ಅದಕ್ಕೇ.

ಪ್ರಶ್ನೆ: ಶನಿವಾರದ 'ಸ್ಯಾಟರ್ಡೇ ನೈಟ್ ಲೈವ್' ಕೂಡ ಇದೇ ಮೋಸಾನಾ?

ಇಲ್ಲ ಇಲ್ಲ, ಅದು ಟಾಕ್ ಶೋ ಅಲ್ಲ, ಮೋಸಾನೂ ಅಲ್ಲ. 1975ರಿಂದ ನ್ಯೂಯಾರ್ಕಲ್ಲಿ ನಿಜವಾಗ್ಲೂ ರಾತ್ರಿ 11:30ಕ್ಕೆ ಲೈವ್ ನಡೀತಿದೆ. ಎಂಟು ಗಂಟೆಗೆ ಬೇರೆ ಪ್ರೇಕ್ಷಕರನ್ನ ಕೂರಿಸಿ ಡ್ರೆಸ್ ರಿಹರ್ಸಲ್ ಮಾಡ್ತಾರೆ, ಅಲ್ಲಿ ಜನ ನಗದ ಸ್ಕಿಟ್ಟುಗಳನ್ನ ಕಿತ್ತು ಹಾಕ್ತಾರೆ, ಉಳಿದಿದ್ದನ್ನ ತಿದ್ದಿ, ಕ್ಯೂ ಕಾರ್ಡ್ ಮತ್ತೆ ಬರೆದು, ಏದುಸಿರು ಬಿಡ್ತಾ ವೇದಿಕೆಗೆ ಬರ್ತಾರೆ. ಮೊದಲೆಲ್ಲ ಲಾಸ್ ಏಂಜಲೀಸ್ ಕಡೆಯವರಿಗೆ ಇದನ್ನೂ ಮೂರು ಗಂಟೆ ತಡವಾಗಿ ತೋರಿಸ್ತಿದ್ರು, 2017ರಿಂದ ಅವರಿಗೂ ಅದೇ ಕ್ಷಣಕ್ಕೆ ಬಿಡ್ತಿದಾರೆ. ಅಲ್ಲಿ ಆಗ ಎಂಟೂವರೆ, ಇನ್ನೂ ಊಟದ ತಟ್ಟೆ ಎತ್ತಿರಲ್ಲ.